ಫ್ಯೂಸ್‌ಗೆ ಸುತ್ತಿದ ತಂತಿ ಮತ್ತು ಸ್ಕೂಟರ್ ಬ್ಯಾಟರಿ

ನೀವು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯವರಾದ್ರೆ ಪಂಪ್‌ಸೆಟ್ ಮನೆ ನೋಡೇ ಇರ್ತೀರಿ. ಗೋಡೆ ಮೇಲೆ ಸ್ಟಾರ್ಟರ್ ಡಬ್ಬ, ಪಕ್ಕದಲ್ಲಿ ಪಿಂಗಾಣಿ ಫ್ಯೂಸ್. ಫ್ಯೂಸ್ ಪದೇ ಪದೇ ಹೋಗ್ತಿದ್ರೆ ಏನ್ಮಾಡ್ತಾರೆ? ದಪ್ಪ ತಾಮ್ರದ ತಂತಿ ಸುತ್ತಿ ಹಾಕಿಬಿಡ್ತಾರೆ. ಇವತ್ತಿನ ಕತೆ ಆ ತಂತಿಯದ್ದೇ.

ಮಂಡ್ಯಕ್ಕೆ ಕರೆಂಟ್ ಹೊಸದಲ್ಲ. ಈಗ ಇದೇ ಜಿಲ್ಲೆಯಲ್ಲಿರುವ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯ್ತು. ಆದರೆ ಮೋಟಾರ್ ಬಂದ ಕಡೆಯೆಲ್ಲ ಒಂದು ತಲೆನೋವು. ಪಂಪಿನ ಮೋಟಾರ್ ಹೊರಡುವಾಗ, ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಅದು ದೋಷ ಅಲ್ಲ, ಸ್ವಭಾವ. ಹಾಗಾಗಿ ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇ ಸ್ವಲ್ಪ ಕಾಯುತ್ತೆ. ಅದರ ಲೋಹದ ಪಟ್ಟಿ ಬಿಸಿಯಾಗಿ ಬಾಗೋಕೆ ಹೊತ್ತು ಬೇಕು. ಶಾರ್ಟ್ ಆದ್ರೆ ಮಾತ್ರ ಫ್ಯೂಸ್ ಕಾಯಲ್ಲ, ಕರಗಿಹೋಗುತ್ತೆ.

ಇದೇ ಲೆಕ್ಕ ಚಕ್ರದ ಮೇಲೆ ಬಂದಿದ್ದು 2001ರಲ್ಲಿ, ಬೆಂಗಳೂರಿನ ರೇವಾ ಕಾರಿನ ಜತೆ. ಚೇತನ್ ಮೈನಿ ಅವರ ಆ ಪುಟ್ಟ ಕಾರಲ್ಲಿ 6 ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ವೋಲ್ಟ್ ಕಡಿಮೆ, ಹಾಗಾಗಿ ಅಪಾಯನೂ ಕಡಿಮೆ ಅನ್ಕೋಬೇಡಿ. 48 ವೋಲ್ಟಿನಲ್ಲಿ 10 ಕಿಲೋವ್ಯಾಟ್ ಬೇಕಂದ್ರೆ ಸುಮಾರು 208 ಆಂಪಿಯರ್ ಹರೀಬೇಕು!

ಆಮೇಲೆ ಲಿಥಿಯಂ ಕಾಲ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣದ ಕಲ್ಲಲ್ಲಿ 1,600 ಟನ್ ಲಿಥಿಯಂ ಅಂದಾಜಾಗಿದೆ ಅಂತ 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳ್ತು. ನಮ್ಮೂರು ಸುದ್ದಿಯಾಗಿದ್ದು ಖುಷಿಯೇ. ಆದ್ರೆ ಊರಿಗೆ ಮೊದಲು ಬಂದಿದ್ದು ಗಣಿಯಲ್ಲ, ಸ್ಕೂಟರ್.

ಲಿಥಿಯಂ ಸೆಲ್ ಕರೆಂಟ್ ಕೊಡೋದ್ರಲ್ಲಿ ಧಾರಾಳಿ. ಶಾರ್ಟ್ ಆದ್ರೂ ತಡೆಯದೆ ಸುರಿಯುತ್ತೆ. ಸೆಲ್ ಕಾದು ಬೆಂಕಿ ಹತ್ತಬಹುದು. ಅದಕ್ಕೇ ಪ್ಯಾಕ್ ಒಳಗೆ ಬಿಎಂಎಸ್ ಅನ್ನೋ ಬೋರ್ಡ್ ಇರುತ್ತೆ. ಏರು ಹತ್ತುವಾಗ ಕರೆಂಟ್ ಜಾಸ್ತಿಯಾದ್ರೆ ಕೆಲವು ಸೆಕೆಂಡ್ ಸಹಿಸುತ್ತೆ, ಶಾರ್ಟ್ ಆದ್ರೆ ಕಣ್ಣು ಮಿಟುಕಿಸೋ ಮೊದಲೇ ಕತ್ತರಿಸುತ್ತೆ. ಹಳೇ ರಿಲೇ–ಫ್ಯೂಸ್ ಜೋಡಿಯ ಬುದ್ಧಿಯೇ ಇದು. ಆದ್ರೆ ಬೋರ್ಡಿನ ಸ್ವಿಚ್ಚೇ, ಅಂದ್ರೆ ಮಾಸ್‌ಫೆಟ್, ಸುಟ್ಟು ಅಂಟಿಕೊಂಡ್ರೆ? ಕತ್ತರಿಸೋರೇ ಇರಲ್ಲ. ಅದಕ್ಕೇ ಇವತ್ತಿಗೂ ಒಂದು ಫ್ಯೂಸ್ ಬೇಕು.

2022ರಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್-156 ಸುರಕ್ಷತಾ ನಿಯಮ ಬಿಗಿಯಾಗಿ, ಅದೇ ಡಿಸೆಂಬರ್‌ನಿಂದ ಮೊದಲ ಹಂತ ಜಾರಿಗೆ ಬಂತು.

ನಿಯಮ ಫ್ಯಾಕ್ಟರಿಗೆ. ಪ್ಯಾಕ್ ಬಿಚ್ಚಿ "ತಂತಿ ಬೆಸೆದುಬಿಡಣ ಬಿಡಣ್ಣ" ಅನ್ನೋ ರಿಪೇರಿಗಲ್ಲ. ಮನೆಯ ಫ್ಯೂಸೂ ಅಲ್ಲಿಗೆ ಆಗಲ್ಲ. ಮನೆ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತೆ, ಕಿಡಿ ಆರೋಕೆ ಸಂದು ಸಿಗುತ್ತೆ. ಬ್ಯಾಟರಿಯ ಡಿಸಿ ಕರೆಂಟ್‌ನಲ್ಲಿ ಆ ಸಂದು ಇಲ್ಲ. ಫ್ಯೂಸ್ ಮೇಲೆ ಆಂಪಿಯರ್ ಜತೆ ಡಿಸಿ ವೋಲ್ಟನ್ನೂ ನೋಡಿ ಹಾಕಿಸ್ಕೊಳ್ಳಿ. ಹಳೇದು ಯಾಕೆ ಹೋಯ್ತು ಅಂತ ಮೊದಲು ಕೇಳಿ.