ಲೋಭವೂ ಲಾಭವೂ: ಕಲ್ಯಾಣದ ಒಂದು ನಿದರ್ಶನ

ಸ್ವಾರ್ಥವು ಲೋಕಹಿತವನ್ನುಂಟುಮಾಡಬಲ್ಲದೆಂಬ ವಾದವು ಇಂದು ನಿನ್ನೆಯದಲ್ಲ. 1714ರಲ್ಲಿ ಇಂಗ್ಲೆಂಡದಲ್ಲಿ ಮ್ಯಾಂಡೆವಿಲ್ಲನು ಜೇನುಹುಳಗಳ ಕಥೆಯೊಂದನ್ನು ನೆಪಮಾಡಿಕೊಂಡು, ಒಬ್ಬೊಬ್ಬರ ದುರ್ಗುಣಗಳೇ ಸಮಾಜದ ಸಂಪತ್ತಿಗೆ ಮೂಲವೆಂದು ಸಾರಿದನು. 1776ರಲ್ಲಿ ಆ್ಯಡಮ್ ಸ್ಮಿತ್ತನು, ರೊಟ್ಟಿಗಾರನು ತನ್ನ ಲಾಭಕ್ಕಾಗಿ ದುಡಿಯುವದರಿಂದಲೇ ನಮಗೆ ಊಟವು ದೊರೆಯುವದೆಂದನು. ಆದರೆ ಅದೇ ಸ್ಮಿತ್ತನು 1759ರ ತನ್ನ ನೀತಿಗ್ರಂಥದಲ್ಲಿ ಮ್ಯಾಂಡೆವಿಲ್ಲನ ಮತವನ್ನು ಖಂಡಿಸಿದ್ದನೆಂಬುದನ್ನು ಆತನ ಹೆಸರು ಹೇಳುವವರು ಹಲವು ಸಲ ಮರೆಯುವರು. ಲಾಭದ ಆಸೆ ಬೇರೆ, ಲೋಭ ಬೇರೆ. ಇವುಗಳ ನಡುವಣ ಗೆರೆಯು ಎಲ್ಲಿರುವದೆಂಬುದೇ ಪ್ರಶ್ನೆ.

ಕನ್ನಡನಾಡು ಲಾಭವನ್ನರಿಯದ ನಾಡಲ್ಲ. ಅಯ್ಯಾವೊಳೆಯ ಐನೂರ್ವರ ವಣಿಕಸಂಘವು ಸಮುದ್ರದಾಚೆಗೂ ವ್ಯವಹರಿಸುತ್ತಿದ್ದಿತೆಂಬುದಕ್ಕೆ ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನವೇ ಸಾಕ್ಷಿ. ಮುಂದಿನ ಶತಮಾನದ ಶರಣರೂ ದುಡಿಮೆಯ ಫಲವನ್ನು ಹೀನವೆಂದೆಣಿಸಲಿಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರಿಗಳಾಗಿದ್ದರು. ಕಾಯಕವಿಲ್ಲದವನಿಗೆ ಅವರಲ್ಲಿ ಮನ್ನಣೆಯೆಲ್ಲಿಯದು?

ಹೀಗಿರಲು ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ವೃತ್ತಾಂತವು ವಿಚಾರಾರ್ಹವಾಗಿದೆ. ಅಮರೇಶ್ವರ ಪ್ರಾಂತದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದುತಂದು ದಾಸೋಹ ನಡೆಸುವದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳದೆ, ಮೊದಲಿದ್ದಲ್ಲಿಯೇ ಸುರಿದು ಬರಹೇಳಿದರು. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯ ಪರಂಪರೆಯು ಈ ದಂಪತಿಗಳಿಗೆ ದೊಡ್ಡ ಸ್ಥಾನವನ್ನೇ ಕೊಟ್ಟಿದೆ.

ಇಲ್ಲಿ ಅಪರಾಧವಾವದು? ನೆಲಕ್ಕೆ ಬಿದ್ದ ಕಾಳು ಯಾರ ಸೊತ್ತೂ ಅಲ್ಲ, ತಂದವರು ಕದ್ದುತಂದಿಲ್ಲ, ಯಾರಿಗೂ ಅದರಿಂದ ಹಾನಿಯಿಲ್ಲ. ಅಷ್ಟೇ ಅಲ್ಲ, ಹೆಚ್ಚು ಅಕ್ಕಿಯಿಂದ ಹೆಚ್ಚು ಜಂಗಮರು ಉಣಬಹುದಾಗಿತ್ತು. ‘ಕೂಡಿಡುವದು ಕೊಡುವದಕ್ಕಾಗಿಯೇ’ ಎಂಬುದು ಲೋಭದ ಪರವಾಗಿ ಆಡಬಹುದಾದ ಅತ್ಯಂತ ಗೌರವದ ಮಾತು. ಆ ತಾಯಿಯು ಅದನ್ನೂ ಒಪ್ಪಲಿಲ್ಲ. ಪರರ ನಷ್ಟವನ್ನಳೆದು ಲೋಭವನ್ನು ಗುರುತಿಸುವವರು ನಾವು. ಆಕೆಯು ಅಳೆದದ್ದು ತನ್ನ ಪತಿಯ ಮನಸ್ಸನ್ನು.

ಆದರೆ ಒಂದು ಸಂಕಟವುಂಟು. ಅದನ್ನು ಮರೆಮಾಚುವದು ಇತಿಹಾಸಕಾರನಿಗೆ ಸಲ್ಲದು. ಮಹಾಮನೆಯಲ್ಲಿ ಸಮೃದ್ಧಿಯಿಲ್ಲದಿದ್ದರೆ ಅಂಗಳದಲ್ಲಿ ಅಕ್ಕಿಯು ಚೆಲ್ಲುತ್ತಿದ್ದಿತೆ? ನಮ್ಮ ಮಠಗಳ ಪ್ರಸಾದನಿಲಯಗಳೂ ವರ್ತಕರ, ದೇಸಾಯರ, ಒಕ್ಕಲಿಗರ ಉಳಿತಾಯದಿಂದಲೇ ನಡೆದುಬಂದವು. ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾದಾನಕ್ಕೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಆ ಆಸ್ತಿಯೇ ಇರದಿದ್ದರೆ ಎಷ್ಟೋ ಬಡ ಹುಡುಗರು ಪಾಠಶಾಲೆಯ ಮೆಟ್ಟಿಲನ್ನೇರುತ್ತಿರಲಿಲ್ಲ. ಆದುದರಿಂದ ಸಂಪತ್ತನ್ನು ಹಳಿಯಲು ಲಕ್ಕಮ್ಮನವರನ್ನು ಸಾಕ್ಷಿಗೆ ಕರೆಯುವದು ಸರಿಯಲ್ಲ. ಅಂತೆಯೇ, ದಾನದಿಂದ ಸತ್ಫಲವುಂಟಾಯಿತೆಂದು ಅದಕ್ಕೆ ಹಿಂದಣ ದುರಾಸೆಯನ್ನು ಗುಣವೆನ್ನುವದೂ ನನಗೆ ಒಪ್ಪಿಗೆಯಿಲ್ಲ. ಫಲವು ಕೊಟ್ಟದ್ದರಿಂದ ಬಂದಿತು, ಬಯಸಿದ್ದರಿಂದಲ್ಲ.

ಮಾರಯ್ಯನವರು ವಾದಿಸಲಿಲ್ಲವೆಂದು ಪರಂಪರೆಯು ಹೇಳುವದು. ಹೆಚ್ಚಿನ ಅಕ್ಕಿಯು ಅಂಗಳಕ್ಕೆ ಮರಳಿತು. ಅಂದಿನ ದಾಸೋಹವು ಉಳಿದ ಅಕ್ಕಿಯಿಂದಲೇ ನಡೆಯಿತು.