ಇಗರ್ಜಿಯ ಸಂಗೀತಶಾಲೆಯಿಂದ ಬೆಳ್ಳಿತೆರೆಗೆ

ಶತಮಾನೋತ್ಸವದ ಸಂದರ್ಭದಲ್ಲಿ ಇಗರ್ಜಿಯೊಂದರ ಚರಿತ್ರೆಯನ್ನು ಬರೆಯಹೊರಟವರಿಗೆ ಆಧಾರಗಳ ಕೊರತೆ ಸಾಮಾನ್ಯವಾಗಿ ಇರುವುದಿಲ್ಲ. ಅಸ್ತಿವಾರದ ಕಲ್ಲಿನ ಮೇಲೆ ಇಸವಿ ಕೆತ್ತಿರುತ್ತದೆ. ಗಂಟೆಯ ಮೇಲೆ ದಾನಿಗಳ ಹೆಸರಿರುತ್ತದೆ. ವಿಗಾರರ ಪಟ್ಟಿ ಗೋಡೆಯ ಮೇಲಿರುತ್ತದೆ. ಜ್ಞಾನಸ್ನಾನ, ವಿವಾಹ, ಮರಣಗಳ ವಿವರ ಪುಸ್ತಕಗಳಲ್ಲಿ ಭದ್ರವಾಗಿರುತ್ತದೆ. ಆದರೆ ಈ ನೂರು ವರ್ಷಗಳಲ್ಲಿ ಹಾಡಿದವರು ಯಾರು, ವಯಲಿನ್ ಬಾರಿಸಿದವರು ಯಾರು, ಹಬ್ಬದ ರಾತ್ರಿಯ ನಾಟಕಕ್ಕೆ ಮಾತು ಬರೆದು, ರಾಗ ಹಾಕಿ, ಕೊನೆಗೆ ತಾವೇ ಬಣ್ಣ ಬಳಿದುಕೊಂಡು ರಂಗಕ್ಕಿಳಿದವರು ಯಾರು ಎಂದು ಕೇಳಿದರೆ ಯಾವ ಪುಸ್ತಕವೂ ಉತ್ತರ ಕೊಡುವುದಿಲ್ಲ. ಕಲ್ಲು ಉಳಿಯುತ್ತದೆ, ಸ್ವರ ಗಾಳಿಯಲ್ಲಿ ಕರಗುತ್ತದೆ.

ಇಂತಹ ಬಹುಮುಖ ಕಲಾವಿದರ ಒಂದು ಪರಂಪರೆಯನ್ನು ವಾಚಕ ಬಾಂಧವರ ಮುಂದಿಡಬೇಕೆಂಬುದು ನಮ್ಮ ಉದ್ದೇಶ. ಕವಿತೆ, ಸಂಗೀತ, ಚಲನಚಿತ್ರ ಈ ಮೂರು ಕ್ಷೇತ್ರಗಳಲ್ಲಿಯೂ ದುಡಿದ ಗೋವೆಯ ಕ್ರೈಸ್ತ ಕಲಾವಿದರ ಕಥೆಯದು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತ ಕುಟುಂಬಗಳಲ್ಲಿ ಅನೇಕರ ಪೂರ್ವಜರು ಗೋವೆಯಿಂದಲೇ ದಕ್ಷಿಣಕ್ಕೆ ಬಂದವರಾದುದರಿಂದ ಈ ಕಥೆ ನಮಗೆ ಪರಕೀಯವಲ್ಲ.

1977ರಲ್ಲಿ ತೆರೆಕಂಡ 'ಅಮರ್ ಅಕ್ಬರ್ ಆಂಥನಿ' ಎಂಬ ಹಿಂದೀ ಚಿತ್ರವನ್ನು ನಮ್ಮಲ್ಲಿ ನೋಡದವರು ವಿರಳ. ಅದರಲ್ಲಿ ನಾಯಕನು ಈಸ್ಟರ್ ಮೊಟ್ಟೆಯೊಳಗಿಂದ ಹೊರಬಂದು, ತನ್ನ ಹೆಸರು ಆಂಥನಿ ಗೊನ್ಸಾಲ್ವೆಸ್ ಎಂದು ಹಾಡಿ ಕುಣಿಯುತ್ತಾನೆ. ದೇಶವೆಲ್ಲ ಆ ಹೆಸರನ್ನು ಗುನುಗಿತು. ಅದು ನಿಜವಾದ ಒಬ್ಬ ವ್ಯಕ್ತಿಯ ಹೆಸರೆಂಬುದು ಮಾತ್ರ ಬಹುಮಂದಿಗೆ ತಿಳಿಯಲಿಲ್ಲ. ಆಂಥನಿ ಗೊನ್ಸಾಲ್ವೆಸ್ 1927ರಲ್ಲಿ ಗೋವೆಯ ಮಾಜೊರ್ಡಾ ಗ್ರಾಮದಲ್ಲಿ ಹುಟ್ಟಿದರು. ಅವರ ತಂದೆ ಅಲ್ಲಿನ ಇಗರ್ಜಿಯ ಗಾಯನಗುರು. ಮಗನು ಮುಂಬಯಿಗೆ ಹೋಗಿ, ನೌಷಾದರ ವಾದ್ಯವೃಂದದಲ್ಲಿ ವಯಲಿನ್ ಬಾರಿಸಿ, ಮುಂದೆ ಚಿತ್ರಗೀತೆಗಳಿಗೆ ವಾದ್ಯಸಂಯೋಜನೆ ಮಾಡುವ ನಿಪುಣರಲ್ಲಿ ಒಬ್ಬರಾದರು. ಅವರಲ್ಲಿ ವಯಲಿನ್ ಕಲಿತವರಲ್ಲಿ ಪ್ಯಾರೇಲಾಲ್ ಒಬ್ಬರು. ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಆ ಪ್ಯಾರೇಲಾಲರೇ ಈ ಹಾಡಿನಲ್ಲಿ ತಮ್ಮ ಗುರುವಿನ ಹೆಸರನ್ನಿರಿಸಿ ಗುರುದಕ್ಷಿಣೆ ಸಲ್ಲಿಸಿದರು. ಹಾಡು ಬಂದಾಗ ಗುರುವು ಚಿತ್ರರಂಗವನ್ನು ಬಿಟ್ಟು ಹತ್ತು ವರ್ಷಗಳ ಮೇಲಾಗಿತ್ತು. 2012ರ ಜನವರಿಯಲ್ಲಿ ಅವರು ತೀರಿಕೊಂಡರು.

ಒಂದು ಹಳ್ಳಿಯ ಇಗರ್ಜಿಯಿಂದ ಹಿಂದೀ ಚಿತ್ರಸಂಗೀತದ ನಡುಮನೆಗೆ ಹೋಗುವ ಈ ದಾರಿಯನ್ನು ಹಾಕಿದವರು ಯಾರು? ಅದನ್ನರಿಯಲು ನಾವು ಗೋವೆಯ ಧರ್ಮಕೇಂದ್ರಗಳ ಶಾಲೆಗಳತ್ತ ತಿರುಗಬೇಕು. ಪೋರ್ಚುಗೀಸರ ಆಳ್ವಿಕೆಯಲ್ಲಿ ಗೋವೆಯ ಇಗರ್ಜಿಗಳ ಬಳಿ ಬೆಳೆದುಬಂದ ಈ ಶಾಲೆಗಳಲ್ಲಿ ಧರ್ಮೋಪದೇಶ ಮತ್ತು ಅಕ್ಷರಗಳೊಂದಿಗೆ ಸಂಗೀತವನ್ನೂ ಕಲಿಸುತ್ತಿದ್ದರು. ಕಲಿಸುವವನಿಗೆ 'ಮೆಸ್ತ್ರಿ' ಎಂದು ಹೆಸರು. ನಮ್ಮ ಕಡೆ ಕಟ್ಟಡದ ಕೆಲಸದ ಮುಖ್ಯಸ್ಥನನ್ನು ನಾವು ಮೇಸ್ತ್ರಿ ಎನ್ನುತ್ತೇವಷ್ಟೆ. ಎರಡು ಮಾತುಗಳ ಮೂಲವೂ ಗುರು ಎಂಬ ಅರ್ಥದ ಒಂದೇ ಪೋರ್ಚುಗೀಸ್ ಶಬ್ದ. ಒಬ್ಬ ಕಲ್ಲಿನಿಂದ ಕಟ್ಟುತ್ತಾನೆ, ಇನ್ನೊಬ್ಬ ಸ್ವರದಿಂದ.

ಈ ಸ್ವರದ ಮೆಸ್ತ್ರಿಯ ಕೆಲಸಗಳಿಗೆ ಮಿತಿಯಿರಲಿಲ್ಲ. ಮಕ್ಕಳಿಗೆ ಗೆರೆಗಳ ಮೇಲೆ ಬರೆದ ಸ್ವರಲಿಪಿಯನ್ನು ಓದಲು ಕಲಿಸುವುದು, ವಯಲಿನ್ ಹಿಡಿಸುವುದು, ಭಾನುವಾರದ ಲತೀನ್ ಪೂಜೆಗೆ ಗಾಯಕರನ್ನು ಸಿದ್ಧಗೊಳಿಸುವುದು, ತಪಸ್ಸುಕಾಲಕ್ಕೆ ಶೋಕಗೀತೆಗಳನ್ನು ಅಭ್ಯಾಸ ಮಾಡಿಸುವುದು, ಹಬ್ಬದ ಮೆರವಣಿಗೆಗೆ ವಾದ್ಯದವರನ್ನು ಕೂಡಿಸುವುದು, ಬೇಕಾದಾಗ ತಾನೇ ಹೊಸ ಗೀತೆ ರಚಿಸುವುದು ಎಲ್ಲವೂ ಅವನ ಹೊಣೆ. ಹಳ್ಳಿಯಲ್ಲಿ ಕವಿಗೊಬ್ಬ, ಗಾಯಕನಿಗೊಬ್ಬ, ವಾದಕನಿಗೊಬ್ಬ ಎಂದು ಜನರನ್ನಿರಿಸಿಕೊಳ್ಳುವ ಅನುಕೂಲ ಎಲ್ಲಿಯದು? ಇದ್ದ ಒಬ್ಬನೇ ಎಲ್ಲವೂ ಆಗಬೇಕಾಗಿತ್ತು. ಬಹುಮುಖ ಪ್ರತಿಭೆಯೆಂದು ಇಂದು ನಾವು ಕೊಂಡಾಡುವ ಗುಣವು ಅಂದಿನವರಿಗೆ ಅಲಂಕಾರವಾಗಿರಲಿಲ್ಲ. ಅದು ಅಗತ್ಯದ ಕೂಸು.

ಜೀವನೋಪಾಯಕ್ಕಾಗಿ ಗೋವೆಯ ಜನರು ತಂಡತಂಡವಾಗಿ ಮುಂಬಯಿಗೆ ತೆರಳಿದಾಗ ಈ ಸಂಗೀತವೂ ಅವರೊಂದಿಗೆ ಹೋಯಿತು. ಅಲ್ಲಿ ಒಂದೊಂದು ಹಳ್ಳಿಯವರು ಸೇರಿ 'ಕೂಡ್' ಎಂಬ ವಸತಿಗಳನ್ನು ನಡೆಸುತ್ತಿದ್ದರು. ಹಡಗಿನ ಕೆಲಸಗಾರರು, ಅಡುಗೆಯವರು, ವಾದ್ಯದವರು ಒಂದೇ ಸೂರಿನ ಕೆಳಗೆ ತಮ್ಮ ಪೆಟ್ಟಿಗೆಗಳನ್ನಿಟ್ಟುಕೊಂಡು, ಸಂಜೆ ಊರಿನ ಪಾಲಕ ಸಂತರ ಪ್ರತಿಮೆಯ ಮುಂದೆ ಜಪಸರ ಮಾಡುತ್ತಿದ್ದರು. ಊರಿನ ಹಂಬಲವಿದ್ದ ಈ ಜನರಿಗಾಗಿ ಮುಂಬಯಿಯಲ್ಲಿಯೇ 'ತಿಯಾತ್ರ್' ಎಂಬ ಕೊಂಕಣಿ ರಂಗಕಲೆ ಹುಟ್ಟಿತು. ಲುಕಾಸಿನ್ಹೊ ರಿಬೇರೊ ಸಿದ್ಧಪಡಿಸಿದ 'ಇಟಾಲಿಯನ್ ಭುರ್ಗೊ' 1892ರ ಏಪ್ರಿಲ್ 17ರಂದು ಅಲ್ಲಿ ಪ್ರದರ್ಶಿತವಾಯಿತು. ಅದನ್ನೇ ಮೊದಲ ತಿಯಾತ್ರ್ ಎಂದು ಗಣಿಸಲಾಗಿದೆ. ಮುಂದೆ ಜುವಾಂವ್ ಆಗೋಸ್ತಿನ್ಹೊ ಫೆರ್ನಾಂಡಿಸ್ (1871–1947) ಸ್ವಂತ ನಾಟಕಗಳನ್ನು ಬರೆದು ಈ ಕಲೆಗೆ ನೆಲೆ ಕಲ್ಪಿಸಿ, 'ತಿಯಾತ್ರದ ತಂದೆ' ಎನಿಸಿದರು.

ತಿಯಾತ್ರದ ರಚನೆಯನ್ನು ಇಲ್ಲಿ ಅರಿತುಕೊಳ್ಳುವುದು ಒಳಿತು. ಅಂಕ ಮುಗಿದು ಪರದೆ ಬಿದ್ದಾಗ ಪರದೆಯ ಮುಂದೆ 'ಕಾಂತಾರ್' ಎಂಬ ಹಾಡು ನಡೆಯುತ್ತದೆ. ಅದಕ್ಕೂ ನಾಟಕದ ಕಥೆಗೂ ಸಂಬಂಧವಿರಬೇಕಾಗಿಲ್ಲ. ಊರಿನ ಸುದ್ದಿ, ರಾಜಕೀಯ, ಅತ್ತೆಸೊಸೆಯರ ಜಗಳ ಯಾವುದೂ ಅದರ ವಸ್ತುವಾಗಬಹುದು. ಆ ಹಾಡನ್ನು ಬಹುಮಟ್ಟಿಗೆ ಹಾಡುವವನೇ ಬರೆದು, ಅವನೇ ರಾಗ ಹಾಕಬೇಕು. ಹೀಗೆ ಹಳ್ಳಿಯ ಮೆಸ್ತ್ರಿಯ ಗುಣವೇ ರಂಗದ ಮೇಲೆಯೂ ಮುಂದುವರಿಯಿತು: ಕವಿ, ರಾಗಸಂಯೋಜಕ, ಗಾಯಕ, ನಟ ನಾಲ್ವರೂ ಒಬ್ಬನೇ.

ಮಾತಿನ ಚಿತ್ರಗಳು ಬಂದ ಮೇಲೆ ಮುಂಬಯಿಯ ಸ್ಟುಡಿಯೋಗಳಿಗೆ ದೊಡ್ಡ ವಾದ್ಯವೃಂದಗಳು ಬೇಕಾದವು. ಸಂಗೀತ ನಿರ್ದೇಶಕರಲ್ಲಿ ಹಲವರು ರಾಗವನ್ನು ಬಾಯಲ್ಲಿ ಹಾಡಿ ತೋರಿಸುವವರು. ನಮ್ಮ ದೇಶದ ಸಂಗೀತ ಕಿವಿಯಿಂದ ಕಿವಿಗೆ ಬಂದದ್ದಲ್ಲವೇ? ಹತ್ತಾರು ವಯಲಿನ್‌ಗಳು ಏಕಕಾಲಕ್ಕೆ ಬೇರೆ ಬೇರೆ ಸ್ವರಗಳನ್ನು ಬಾರಿಸಬೇಕಾದರೆ ಅದನ್ನು ಬರೆದು ಹಂಚಲೇಬೇಕು. ಬರೆಯಬಲ್ಲವರು, ಬರೆದುದನ್ನು ಕಂಡೊಡನೆ ಬಾರಿಸಬಲ್ಲವರು ಎಲ್ಲಿ ಸಿಗುತ್ತಾರೆ? ಇಗರ್ಜಿಯ ಶಾಲೆಯಲ್ಲಿ ಕಲಿತ ಗೋವೆಯವರು ಅಲ್ಲಿ ಸಿದ್ಧರಾಗಿಯೇ ಇದ್ದರು. ಶಂಕರ್–ಜೈಕಿಶನ್ ಅವರ ಹಾಡುಗಳಿಗೆ ಸೆಬಾಸ್ಟಿಯನ್ ಡಿಸೋಜ ವಾದ್ಯಸಂಯೋಜನೆ ಮಾಡಿದರು. ಕಹಳೆವಾದಕ ಚಿಕ್ ಚಾಕಲೆಟ್ ಎಂದೇ ಹೆಸರಾದ ಆಂತೊನಿಯೊ ಶಾವಿಯೆರ್ ವಾಜ್, ಸಿ. ರಾಮಚಂದ್ರರಿಗೆ ಸಹಾಯಕರಾಗಿದ್ದು 1951ರ 'ಅಲ್ಬೇಲಾ' ಚಿತ್ರದಲ್ಲಿ ತೆರೆಯ ಮೇಲೂ ಕಾಣಿಸಿಕೊಂಡರು. ಸ್ವತಃ ಗೊನ್ಸಾಲ್ವೆಸರು 1958ರಲ್ಲಿ ದೊಡ್ಡ ವಾದ್ಯವೃಂದವೊಂದನ್ನು ಕಟ್ಟಿ, ಭಾರತೀಯ ರಾಗಗಳನ್ನು ಅದಕ್ಕೆ ಅಳವಡಿಸಿ, ಮುಂಬಯಿಯ ಸಂತ ಶಾವಿಯೆರರ ಕಾಲೇಜಿನ ಅಂಗಳದಲ್ಲಿ ಕಛೇರಿ ನಡೆಸಿದರು. ಲತಾ ಮಂಗೇಶ್ಕರ್ ಹಾಗೂ ಮನ್ನಾ ಡೇ ಅದರಲ್ಲಿ ಹಾಡಿದರು.

ಆದರೆ ಚಿತ್ರದ ಆರಂಭದಲ್ಲಿ ತೋರಿಸುವ ಹೆಸರುಗಳ ಸಾಲಿನಲ್ಲಿ ಬಹುಕಾಲ ಈ ವಾದ್ಯಗಾರರಿಗೆ ಸ್ಥಾನವಿರಲಿಲ್ಲ. ದಿನದ ಸಂಭಾವನೆ ಪಡೆದು, ಪೆಟ್ಟಿಗೆಯಲ್ಲಿ ವಾದ್ಯವಿಟ್ಟು, ಅವರು ರೈಲು ಹತ್ತುತ್ತಿದ್ದರು. ಹಾಡು ಜನರ ಬಾಯಲ್ಲಿ ಉಳಿಯಿತು, ಬಾರಿಸಿದವನ ಹೆಸರು ಉಳಿಯಲಿಲ್ಲ.

ಇವರಲ್ಲಿ ಕೆಲವರಿಗೆ ಪರರ ಚಿತ್ರಕ್ಕೆ ದುಡಿದರೆ ಸಾಲದು, ನಮ್ಮ ಭಾಷೆಯಲ್ಲಿಯೂ ಚಿತ್ರ ಬೇಕು ಎಂಬ ಛಲ ಹುಟ್ಟಿತು. ಗೋವೆ ಇನ್ನೂ ಪರರ ಆಳ್ವಿಕೆಯಲ್ಲಿದ್ದಾಗಲೇ, 1950ರ ಏಪ್ರಿಲ್ 24ರಂದು, ಆಲ್ ಜೆರಿ ಬ್ರಗಾಂಜಾ ಅವರ 'ಮೊಗಾಚೊ ಆಂವ್ಡೊ' ತೆರೆಕಂಡಿತು. ಅದು ಮೊದಲ ಕೊಂಕಣಿ ಚಲನಚಿತ್ರ. ಬಳಿಕ ಬಂದವರು ಫ್ರ್ಯಾಂಕ್ ಫೆರ್ನಾಂಡ್ (1919–2007). ಕುಡ್ಚಡೆಯಲ್ಲಿ ಹುಟ್ಟಿದ ಇವರು ಜಾಝ್ ತಂಡಗಳಲ್ಲಿ ಕಹಳೆಯೂದಿ, ಹಿಂದೀ ಚಿತ್ರಗಳ ಸಂಗೀತ ನಿರ್ದೇಶಕರಿಗೆ ಸಹಾಯಕರಾಗಿ ದುಡಿದು, 1963ರಲ್ಲಿ 'ಆಮ್ಚೆಂ ನಶೀಬ್', 1966ರಲ್ಲಿ 'ನಿರ್ಮೊಣ್' ಎಂಬ ಎರಡು ಚಿತ್ರಗಳನ್ನು ನಿರ್ಮಿಸಿ ಅವಕ್ಕೆ ತಾವೇ ಸಂಗೀತವನ್ನೂ ಕೊಟ್ಟರು. ಎರಡನೆಯದು ಆಂಗ್ಲ ಕವಿ ಟೆನಿಸನ್ನನ 'ಈನಾಕ್ ಆರ್ಡನ್' ಎಂಬ ಕಥನಕಾವ್ಯದಿಂದ ಪ್ರೇರಣೆ ಪಡೆದದ್ದು. ಕಡಲಿಗೆ ಹೋಗಿ ಮರಳದವನ ದಾರಿ ಕಾಯುವ ಹೆಂಡತಿಯ ಆ ಕಥೆಯು, ಮನೆಗೊಬ್ಬ ನಾವಿಕನಿದ್ದ ಜನಕ್ಕೆ ತಮ್ಮದೇ ಕಥೆಯೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. 1967ರಲ್ಲಿ ಅದು 'ತಕ್‌ದೀರ್' ಎಂಬ ಹೆಸರಿನಿಂದ ಹಿಂದಿಯಲ್ಲಿಯೂ ಬಂತು. ಹಿಂದೀ ಚಿತ್ರಕ್ಕೆ ದುಡಿದ ಕೊಂಕಣಿಗನಿಂದ ಹಿಂದೀ ಚಿತ್ರವೇ ಕಥೆ ಪಡೆದದ್ದು ಸಣ್ಣ ಸಂಗತಿಯಲ್ಲ.

ಈ ಎರಡೂ ಚಿತ್ರಗಳಲ್ಲಿ ನಟಿಸಿದ ಸಿ. ಆಲ್ವಾರಿಸ್ (1920–1999) ತಿಯಾತ್ರದ ನಾಟಕಕಾರ, ಗೀತರಚನಕಾರ, ಗಾಯಕರೂ ಹೌದು. ಆಲ್ಫ್ರೆಡ್ ರೋಜ್ (1932–2003) ಸ್ವಂತ ಗೀತೆಗಳನ್ನು ಬರೆದು, ರಾಗ ಹಾಕಿ, ಹಾಡಿ ಮನೆಮನೆಯ ಮಾತಾದರು. ಮಡಗಾಂವಿನ ಕ್ರಿಸ್ ಪೆರಿ (1928–2002) ಕಹಳೆವಾದಕರು. ಲೊರ್ನಾ ಅವರ ಕಂಠಕ್ಕಾಗಿ ಅವರು ಬರೆದು ಸಂಯೋಜಿಸಿದ ಹಾಡುಗಳು ಜಾಝ್ ಸಂಗೀತವನ್ನು ಕೊಂಕಣಿಯ ಅಡುಗೆಮನೆಯವರೆಗೂ ತಂದವು. 1977ರಲ್ಲಿ ಅವರು 'ಭುಂಯ್‌ರಾಂತ್ಲೊ ಮನಿಸ್' ಎಂಬ ವರ್ಣಚಿತ್ರವನ್ನು ತೆರೆಗೆ ತಂದರು. ಅವರ ಹಾಡುಗಳನ್ನೇ ಆಧರಿಸಿದ 'ನಾಚೂಂಯಾ ಕುಂಪಾಸಾರ್' ಎಂಬ ಚಿತ್ರ 2014ರಲ್ಲಿ ಬಂದು ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಅದನ್ನು ಕಾಣಲು ಅವರು ಬದುಕಿರಲಿಲ್ಲ.

ಇವರ ದುಡಿಮೆ ಬರಿಯ ಮನರಂಜನೆಯೆಂದು ಎಣಿಸುವುದು ತಪ್ಪಾದೀತು. ಕೊಂಕಣಿಯು ಸ್ವತಂತ್ರ ಭಾಷೆಯೇ ಅಲ್ಲವೆಂದು ವಾದಿಸುವವರಿದ್ದ ಕಾಲವದು. ಗೋವೆಯು ಮಹಾರಾಷ್ಟ್ರದಲ್ಲಿ ಸೇರಬೇಕೇ ಬೇಡವೇ ಎಂದು 1967ರ ಜನವರಿಯಲ್ಲಿ ಜನಾಭಿಪ್ರಾಯ ಕೇಳಿದಾಗ, ಹಾಡುಗಾರರು ಊರೂರು ತಿರುಗಿ ಭಾಷೆಯ ಪರವಾಗಿ ಹಾಡಿದರು. ಜನರು ವಿಲೀನವನ್ನು ಒಪ್ಪಲಿಲ್ಲ. ಸಾಹಿತ್ಯ ಅಕಾಡೆಮಿಯು 1975ರಲ್ಲಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು ಮನ್ನಿಸಿತು. 1992ರಲ್ಲಿ ಅದು ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿತು. ಪಂಡಿತರು ಪ್ರಮಾಣಗಳನ್ನು ಒದಗಿಸುವ ಮುನ್ನವೇ, ಇದು ಹಾಡಬಲ್ಲ, ನಗಬಲ್ಲ, ಅಳಬಲ್ಲ ಭಾಷೆಯೆಂದು ಈ ಕಲಾವಿದರು ತೋರಿಸಿಕೊಟ್ಟಿದ್ದರು.

ನಮ್ಮ ಮಂಗಳೂರಿನಲ್ಲಿಯೂ ಇದೇ ಬಗೆಯ ಪ್ರತಿಭೆಯನ್ನು ನಾವು ಕಂಡೆವು. ಕೊಂಕಣ ಕೋಗಿಲೆಯೆಂದು ಜನರು ಪ್ರೀತಿಯಿಂದ ಕರೆದ ವಿಲ್ಫಿ ರೆಬಿಂಬಸ್ (1942–2010) ಹಾಡು ಬರೆದವರೂ ಅವರೇ, ರಾಗ ಹಾಕಿದವರೂ ಅವರೇ, ವೇದಿಕೆಯ ಮೇಲೆ ನಿಂತು ಹಾಡಿದವರೂ ಅವರೇ. ಕೊಂಕಣಿ ಚಿತ್ರಗಳಿಗೂ ಅವರ ಗೀತೆ ಸಂಗೀತಗಳು ಸಂದವು. ಅವರ ಸಂಗೀತ ರಾತ್ರಿಗಳಿಗೆ ಹೋಗಿಬಂದವರು ನಮ್ಮಲ್ಲಿ ಅನೇಕರಿದ್ದಾರೆ.

ಈ ಎಲ್ಲ ಜೀವನಗಳಿಂದ ನಾವು ತಿಳಿಯಬೇಕಾದುದೇನು? ಒಬ್ಬನಲ್ಲಿ ಹಲವು ಕಲೆಗಳು ಕೂಡುವುದು ದೈವದತ್ತವೆಂಬುದು ನಿಜವಾದರೂ, ಆ ದಾನವು ಫಲಿಸಲು ಒಂದು ನೆಲ ಬೇಕು. ಸ್ವರ ಓದಲು ಕಲಿಸುವ ಒಬ್ಬ ಮೆಸ್ತ್ರಿ, ತಪ್ಪಿದರೂ ಕೇಳುವ ಒಂದು ಸಭೆ, ವರ್ಷಕ್ಕೊಮ್ಮೆ ಕಟ್ಟುವ ಒಂದು ರಂಗ ಇವು ಆ ನೆಲ. ನೂರಾರು ವರ್ಷಕಾಲ ಸಣ್ಣ ಸಣ್ಣ ಇಗರ್ಜಿಗಳು ಇದನ್ನು ಸದ್ದಿಲ್ಲದೆ ಒದಗಿಸಿದವು. ಸ್ಟುಡಿಯೋಗಳಲ್ಲಿ ಯಂತ್ರವಾದ್ಯಗಳು ಬಂದು ದೊಡ್ಡ ವಾದ್ಯವೃಂದಗಳು ಚದರಿಹೋದವು. ನಮ್ಮ ಗಾಯನಮಂಟಪಗಳಲ್ಲಿಯೂ ಗುಂಡಿಯೊತ್ತಿದರೆ ತಾಳ ಬಾರಿಸುವ ವಾದ್ಯ ಬಂದಿದೆ; ಸ್ವರಲಿಪಿ ಓದಬಲ್ಲ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಯಂತ್ರವನ್ನು ನಾವು ಹಳಿಯುವುದಿಲ್ಲ. ಆದರೆ ಯಂತ್ರವು ಇನ್ನೊಬ್ಬ ಗೊನ್ಸಾಲ್ವೆಸನನ್ನು ಹೆರಲಾರದು.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮದೊಂದು ಬಿನ್ನಹ. ನಮ್ಮ ಧರ್ಮಕೇಂದ್ರದ ಹಿರಿಯ ಮನೆಗಳ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ, ಕೈಬರಹದ ಗೀತೆಗಳ ಪುಸ್ತಕಗಳು, ಲತೀನ್ ಪೂಜೆಯ ಕಾಲದ ಸ್ವರಲಿಪಿಯ ಹಾಳೆಗಳು, ಹಬ್ಬದ ನಾಟಕಗಳ ಪ್ರತಿಗಳು ಇದ್ದೇ ಇರಬೇಕು. ಗೆದ್ದಲಿಗೆ ಆಹಾರವಾಗುವ ಮೊದಲು ಅವನ್ನು ಹೊರತೆಗೆಯೋಣ; ಅಜ್ಜ ಅಜ್ಜಿಯರಿಗೆ ನೆನಪಿರುವ ರಾಗಗಳನ್ನು ಅವರಿಂದ ಹಾಡಿಸಿ ಬರೆದಿಡೋಣ; ಹಾಡಿನ ಕೆಳಗೆ ರಚಿಸಿದವರ ಹೆಸರನ್ನು ತಪ್ಪದೆ ಸೇರಿಸೋಣ. ಬೆಳ್ಳಿತೆರೆಯು ತನ್ನ ವಾದ್ಯಗಾರರ ಹೆಸರು ಬರೆಯಲು ಮರೆಯಿತು. ಇಗರ್ಜಿಯಾದರೂ ತನ್ನ ಮಕ್ಕಳ ಹೆಸರನ್ನು ಮರೆಯಬಾರದು.