ಬ್ರೌಸರ್‌ನೊಳಗೆ ಅಡಗಿವೆ 'ಈಸ್ಟರ್ ಎಗ್': ಡೈನೋಸಾರ್ ಆಟದಾಚೆಗೂ ಇವೆ ಗುಟ್ಟುಗಳು

ಇಂಟರ್ನೆಟ್ ಕೈಕೊಟ್ಟಾಗ ಗೂಗಲ್ ಕ್ರೋಮ್ ಪರದೆಯ ಮೇಲೆ ಪುಟ್ಟ ಡೈನೋಸಾರ್ ನಿಂತಿರುವುದನ್ನು ಬಹುತೇಕರು ನೋಡಿರುತ್ತಾರೆ. ಸ್ಪೇಸ್ ಬಾರ್ ಒತ್ತಿದರೆ, ಮೊಬೈಲ್‌ನಲ್ಲಾದರೆ ಅದರ ಮೇಲೆ ತಟ್ಟಿದರೆ, ಅದು ಓಡತೊಡಗುತ್ತದೆ ಎಂಬುದು ಮಾತ್ರ ಎಷ್ಟೋ ಜನರಿಗೆ ಗೊತ್ತಿಲ್ಲ. ಸಾಫ್ಟ್‌ವೇರ್ ರೂಪಿಸಿದವರು ಹೀಗೆ ಬಚ್ಚಿಟ್ಟ ಆಟ, ತಮಾಷೆ, ಸಂದೇಶಗಳನ್ನು 'ಈಸ್ಟರ್ ಎಗ್' ಎನ್ನುತ್ತಾರೆ.

ಹೆಸರು ಬಂದದ್ದು ಹೇಗೆ?

ಈಸ್ಟರ್ ಹಬ್ಬದಂದು ಬಣ್ಣದ ಮೊಟ್ಟೆಗಳನ್ನು ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಪದ್ಧತಿಯೇ ಈ ಹೆಸರಿಗೆ ಮೂಲ. ಅಮೆರಿಕದ ಅಟಾರಿ ಕಂಪನಿ ತನ್ನ ವಿಡಿಯೋ ಗೇಮ್‌ಗಳಲ್ಲಿ ಪ್ರೋಗ್ರಾಮರ್‌ಗಳ ಹೆಸರು ಹಾಕುತ್ತಿರಲಿಲ್ಲ. ಇದಕ್ಕೆ ಉತ್ತರವಾಗಿ ವಾರೆನ್ ರಾಬಿನೆಟ್ ತಮ್ಮ 'ಅಡ್ವೆಂಚರ್' (1980) ಗೇಮ್‌ನಲ್ಲಿ ಗುಪ್ತ ಕೋಣೆಯೊಂದನ್ನು ಸೃಷ್ಟಿಸಿ, ಅಲ್ಲಿ ತಮ್ಮ ಹೆಸರು ಬರೆದಿಟ್ಟರು. ಕಂಪನಿಯಲ್ಲಿ ಯಾರಿಗೂ ಹೇಳದೆ ಕೆಲಸ ಬಿಟ್ಟರು. ಆಟಗಾರನೊಬ್ಬ ಅದನ್ನು ಪತ್ತೆ ಹಚ್ಚಿದಾಗ ಅಟಾರಿಯ ಸ್ಟೀವ್ ರೈಟ್ ಅದಕ್ಕೆ 'ಈಸ್ಟರ್ ಎಗ್' ಎಂದು ಹೆಸರಿಟ್ಟರು.

ನೀವೇ ಹುಡುಕಿ ನೋಡಿ

ಈ ಪದಗಳನ್ನು ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.

* ಕ್ರೋಮ್: 'ಕ್ರೋಮ್', ಕೋಲನ್, ಎರಡು ಸ್ಲ್ಯಾಶ್, 'ಡೈನೋ'. ಇಂಟರ್ನೆಟ್ ಇದ್ದಾಗಲೂ ಆಟ ತೆರೆಯುತ್ತದೆ. 2014ರಲ್ಲಿ ಬಂದ ಈ ಆಟವನ್ನು ತಿಂಗಳಿಗೆ 27 ಕೋಟಿ ಬಾರಿ ಆಡಲಾಗುತ್ತಿದೆ ಎಂದು ಗೂಗಲ್ 2018ರಲ್ಲಿ ತಿಳಿಸಿತ್ತು. ಹೆಚ್ಚು ಆಡುವ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು.
* ಎಡ್ಜ್: 'ಎಡ್ಜ್', ಕೋಲನ್, ಎರಡು ಸ್ಲ್ಯಾಶ್, 'ಸರ್ಫ್'. 2020ರಲ್ಲಿ ಬಂದ ಸರ್ಫಿಂಗ್ ಆಟವಿದು.
* ಫೈರ್‌ಫಾಕ್ಸ್: 'ಅಬೌಟ್', ಕೋಲನ್, 'ಮೊಜಿಲ್ಲಾ'. ಧರ್ಮಗ್ರಂಥದ ಶೈಲಿಯಲ್ಲಿ ಬರೆದ, ಅಸ್ತಿತ್ವದಲ್ಲೇ ಇಲ್ಲದ ಪುಸ್ತಕವೊಂದರ ಸಾಲುಗಳು ಕಾಣುತ್ತವೆ. 1990ರ ದಶಕದ ನೆಟ್‌ಸ್ಕೇಪ್ ಬ್ರೌಸರ್‌ನಿಂದ ಬಂದ ಸಂಪ್ರದಾಯವಿದು. 'ಮೊಜಿಲ್ಲಾ' ಬದಲು 'ರೋಬೋಟ್ಸ್' ಎಂದು ಹಾಕಿದರೆ ರೋಬೋಟ್‌ಗಳ ಸ್ವಾಗತ ಸಿಗುತ್ತದೆ.

ಆಫೀಸು ಅಥವಾ ಶಾಲೆಯ ಕಂಪ್ಯೂಟರ್‌ನಲ್ಲಿ ಡೈನೋ ಓಡದಿದ್ದರೆ ಅಚ್ಚರಿಪಡಬೇಕಿಲ್ಲ. ಅದನ್ನು ನಿರ್ಬಂಧಿಸುವ ವ್ಯವಸ್ಥೆಯನ್ನು ಗೂಗಲ್ ಅಡ್ಮಿನ್‌ಗಳಿಗೆ ನೀಡಿದೆ.

ತಮಾಷೆ ತಿರುಗುಬಾಣವಾದಾಗ

ಎಲ್ಲ ಗುಟ್ಟೂ ನಗು ತರಿಸುವುದಿಲ್ಲ. ಮೈಕ್ರೋಸಾಫ್ಟ್‌ನ ಎಕ್ಸೆಲ್ 97ರಲ್ಲಿ ವಿಮಾನ ಹಾರಾಟದ ಆಟವೇ ಅಡಗಿತ್ತು. ಆದರೆ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಬಳಕೆದಾರರಿಗೆ ಗೊತ್ತಿಲ್ಲದ ಆಟವೇ ಇರಬಹುದಾದರೆ, ಇನ್ನೇನೇನು ಅಡಗಿರಬಹುದು? 2002ರಲ್ಲಿ ಸುರಕ್ಷತೆಗೆ ಮೊದಲ ಆದ್ಯತೆ ಘೋಷಿಸಿದ ಮೈಕ್ರೋಸಾಫ್ಟ್, ತನ್ನ ಸಾಫ್ಟ್‌ವೇರ್‌ಗಳಲ್ಲಿ ಇಂಥ ಗುಟ್ಟುಗಳಿಗೆ ಕಡಿವಾಣ ಹಾಕಿತು.

2017ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ಕೂಡ ಎಡವಿತು. 'ಲುಕಿಂಗ್ ಗ್ಲಾಸ್' ಎಂಬ ಎಕ್ಸ್‌ಟೆನ್ಷನ್ ಹಲವರ ಬ್ರೌಸರ್‌ನಲ್ಲಿ ಅವರನ್ನು ಕೇಳದೆಯೇ ಬಂದು ಕುಳಿತಿತ್ತು. ವಿವರಣೆಯೂ ಒಗಟಿನಂತಿದ್ದುದರಿಂದ ವೈರಸ್ ಇರಬೇಕೆಂದು ಜನ ಹೆದರಿದರು. ಅದು 'ಮಿಸ್ಟರ್ ರೋಬೋಟ್' ಎಂಬ ಟಿವಿ ಸರಣಿಗೆ ಸಂಬಂಧಿಸಿದ ಪ್ರಚಾರ ಎಂಬುದು ಬಳಿಕ ತಿಳಿಯಿತು. ಖಾಸಗಿತನವೇ ತನ್ನ ಹೆಗ್ಗಳಿಕೆ ಎನ್ನುತ್ತಿದ್ದ ಮೊಜಿಲ್ಲಾ ಟೀಕೆಗೆ ಗುರಿಯಾಗಿ, ಕೊನೆಗೆ ಕ್ಷಮೆ ಕೇಳಿತು.

ಅಸಲಿಯೋ ನಕಲಿಯೋ?

ಅಸಲಿ ಈಸ್ಟರ್ ಎಗ್ ತಾನಾಗಿ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ನೀವೇ ಅದನ್ನು ಹುಡುಕಬೇಕು. ಅದು ಬ್ರೌಸರ್‌ನಲ್ಲೇ ಇರುತ್ತದೆ. ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಒಟಿಪಿಯಂತೂ ಬೇಡವೇ ಬೇಡ. 'ಸೀಕ್ರೆಟ್ ಗೇಮ್' ಎಂದು ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಬಂದರೆ ಒತ್ತಬೇಡಿ. ಯಾರೋ ಕಳಿಸಿದ ಉದ್ದನೆಯ ಕೋಡ್ ಅನ್ನು ಬ್ರೌಸರ್‌ನ ಕನ್ಸೋಲ್‌ನಲ್ಲಿ ಪೇಸ್ಟ್ ಮಾಡಲೇಬೇಡಿ. ನೀವು ಲಾಗಿನ್ ಆಗಿರುವ ಖಾತೆ ವಂಚಕರ ಪಾಲಾಗಬಹುದು.

ಉಳಿದಂತೆ, ಮುಂದಿನ ಸಲ ನೆಟ್ ಹೋದಾಗ ಸಿಟ್ಟಾಗುವ ಮೊದಲು ಒಮ್ಮೆ ಸ್ಪೇಸ್ ಬಾರ್ ಒತ್ತಿ ನೋಡಿ.